ಕಾರ್ಬನ್ ಪ್ರತಿಯ ಐದನೆಯ ವಾಕ್ಯ

ನಮ್ಮ ಮನೆತನದಲ್ಲಿ ಪದವಿ ಪಡೆದವನು ನಾನೊಬ್ಬನೇ. ನನ್ನ ಬರವಣಿಗೆಯ ಅಭ್ಯಾಸ ಬ್ಯಾಂಕಿನ ಪತ್ರಗಳಿಗೆ ಸೀಮಿತ. ನಿರೂಪಣೆಯಲ್ಲಿ ದೋಷಗಳಿದ್ದರೆ ಓದುಗರು ಮನ್ನಿಸಬೇಕು. ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವನಲ್ಲ.

ತೊಂಬತ್ತರ ದಶಕದ ನಡುಭಾಗ. ಬ್ಯಾಂಕಿನ ನೌಕರಿಯ ಮೇಲೆ ಬಂದಿದ್ದ ನನಗೆ ವಿಶಾಖಪಟ್ಟಣದ ಗಾಜುವಾಕದಲ್ಲಿ ಬಾಡಿಗೆ ಮನೆ. ಸೈನಿಕನಾಗಿದ್ದ ತಮ್ಮ ಬಸವರಾಜ, ಆಫ್ರಿಕಾದಲ್ಲಿ ಅಂತರರಾಷ್ಟ್ರೀಯ ಶಾಂತಿಪಾಲನಾ ಪಡೆಯ ಸೇವೆ ಮುಗಿಸಿ ರಜೆಯ ಮೇಲೆ ಬಂದಿದ್ದ. ಅಲ್ಲಿನ ಶಿಬಿರದ ವಶದಲ್ಲಿದ್ದ ಒಬ್ಬ ಹಮಾಲ ಸತ್ತಿದ್ದ. ಅವನ ಹೆಂಡತಿ ದೂರು ಕೊಟ್ಟಿದ್ದಳು. ಜ್ವರದಿಂದ ಸತ್ತನೆಂದು ಅವನ ಕಾವಲಿಗಿದ್ದ ತಮ್ಮ ಬರೆದುಕೊಟ್ಟರೆ ದೂರು ಅಲ್ಲಿಗೇ ಮುಗಿಯುತ್ತಿತ್ತು. ಬೇರೊಂದು ದೇಶದವನಾದ ಶಿಬಿರದ ಅಧಿಕಾರಿಯ ಅಪೇಕ್ಷೆಯೂ ಅದೇ ಆಗಿತ್ತು.

“ಅಣ್ಣಾ, ನಿನ್ನ ಇಂಗ್ಲಿಷ್ ಚಲೋ ಐತಿ. ನಾಕು ಸಾಲು ಬರದ್ ಕೊಡು, ಸಹಿ ಹಾಕಿ ಕಳಸ್ತೀನಿ,” ಎಂದ.

ಭಾನುವಾರ ಮಧ್ಯಾಹ್ನ ಟೈಪ್‌ರೈಟರಿಗೆ ಎರಡು ಹಾಳೆ ಸೇರಿಸಿ, ನಡುವೆ ಹೊಸ ಕಾರ್ಬನ್ ಇಟ್ಟು ಕುಳಿತೆ. ತಮ್ಮ ನನ್ನ ಮುಖ ನೋಡುತ್ತಿರಲಿಲ್ಲ. ಅದನ್ನು ನಾನು ಗಮನಿಸಿದ್ದೆ. ಆದರೂ ನನಗಿದ್ದ ಚಿಂತೆ, ‘ಸತ್ತ’ ಎಂಬುದಕ್ಕೆ ಹೆಚ್ಚು ಗೌರವದ ಇಂಗ್ಲಿಷ್ ಪದ ಯಾವುದೆಂಬುದು! ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೇಲಿನ ಹಾಳೆಯಲ್ಲಿ ನಾನು ಟೈಪ್ ಮಾಡಿದ ನಾಲ್ಕು ವಾಕ್ಯಗಳಿದ್ದವು. ಕಾರ್ಬನ್ ಪ್ರತಿಯಲ್ಲಿ ಐದಿದ್ದವು. ಕೊನೆಯದನ್ನು ಕನ್ನಡದಲ್ಲಿ ಹೇಳುವುದಾದರೆ: ‘ಅವನು ಎರಡು ದಿನ ನೀರು ಕೇಳಿದ.’ ಮೇಲಿನ ಹಾಳೆಯ ಆ ಜಾಗದಲ್ಲಿ ಅಕ್ಷರ ಒತ್ತಿದ ಗುರುತು ಸಹ ಇರಲಿಲ್ಲ. ಆ ಐದನೆಯ ವಾಕ್ಯವನ್ನು ಗಟ್ಟಿಯಾಗಿ ಓದಿದೆ.

ತಮ್ಮನ ಮುಖ ಬಿಳಿಚಿಕೊಂಡಿತು. “ನಿನಗ್ಯಾರು ಹೇಳಿದ್ರು ಅದನ್ನ? ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ!”

ಅನಂತರ ಎಲ್ಲವನ್ನೂ ಹೇಳಿದ. ಕಳ್ಳತನದ ಅನುಮಾನದ ಮೇಲೆ ಹಮಾಲನನ್ನು ಬಿಸಿಲಿನಲ್ಲಿ ಕಂಬಕ್ಕೆ ಕಟ್ಟಿಸಿದವನು ಆ ಅಧಿಕಾರಿ. ನೀರು ಕೊಡಬಾರದೆಂದು ಆಜ್ಞೆಯಾಗಿತ್ತು. ನೀರಿನ ಕ್ಯಾನು ತಮ್ಮನ ಕಾಲ ಬಳಿಯೇ ಇತ್ತು. ಅವನು ಕೊಡಲಿಲ್ಲ.

ಒಳಗಿನಿಂದ ಎಲ್ಲ ಕೇಳಿಸಿಕೊಂಡ ನನ್ನ ಹೆಂಡತಿ ಹೊರಬಂದಳು. “ಗೌನ್ ಹಾಕ್ಕೊಂಡ ಫೋಟೋ ಗ್ವಾಡಿಗಿ ತೂಗ್ ಹಾಕೀರಿ. ಓದಿದ್ದು ಇಂಥಾದ್ದು ಬರಿಯಾಕೇನ್ರೀ?”

ಹಾಳೆಗಳನ್ನು ಹರಿದೆ. ತಮ್ಮ ನಿಜವನ್ನೇ ಬರೆಸಿ ಸಹಿ ಹಾಕಿದ. ಅದರಿಂದ ಆದದ್ದೇನು? ಹಮಾಲನ ದೇಶದ ನ್ಯಾಯಾಲಯ ಶಾಂತಿಪಡೆಯ ಅಧಿಕಾರಿಯನ್ನು ಮುಟ್ಟುವಂತಿಲ್ಲವಂತೆ. ಅಧಿಕಾರಿಯ ಸ್ವಂತ ದೇಶಕ್ಕೆ ಅವನನ್ನು ವಿಚಾರಿಸುವ ಮನಸ್ಸಿಲ್ಲ. ಶಾಂತಿಪಡೆಯ ಕಚೇರಿ ‘ಪರಿಶೀಲನೆಯಲ್ಲಿದೆ’ ಎಂದು ಒಂದು ಸಾಲು ಬರೆದು ಸುಮ್ಮನಾಯಿತು. ಶಾಂತಿ ಕಾಯಲು ಹೋದವನು ಕೊಂದರೆ, ಸತ್ತವನ ಹೆಂಡತಿ ಯಾವ ಬಾಗಿಲು ತಟ್ಟಬೇಕು?

ಆ ವಾಕ್ಯ ಎಲ್ಲಿಂದ ಬಂತೆಂದು ನನಗೆ ಇಂದಿಗೂ ತಿಳಿಯದು. ತಮ್ಮನಿಗೆ ಬಡ್ತಿ ತಪ್ಪಿತು. ಅವಧಿಗೆ ಮುಂಚೆಯೇ ಸೈನ್ಯ ಬಿಟ್ಟ. ನಿಶ್ಚಯವಾಗಿದ್ದ ಮದುವೆ ಮುರಿಯಿತು. ನನಗೆ ವಿಜಯವಾಡಕ್ಕೆ ವರ್ಗವಾದಾಗ ಅವನೂ ಬಂದು ಪಟಮಟದ ನಮ್ಮ ಮನೆಯಲ್ಲೇ ಉಳಿದ. ಅವನ ನೌಕರಿ ಕಳೆದವನು ನಾನೇ ಎಂದು ಊರಿನಲ್ಲಿದ್ದ ಅಪ್ಪ ನನ್ನೊಡನೆ ಮಾತು ಬಿಟ್ಟರು. ಸಾಯುವವರೆಗೂ ಆಡಲಿಲ್ಲ.