ಎಡಗಡೆಯ ಬಾಕ್ಸು

ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಶೇಂಗಾ ಹಿಂಡುವ ಯಂತ್ರಗಳ ಪಕ್ಕದಲ್ಲೇ ನನ್ನ ಮೇಜು. ದಿನವಿಡೀ ಆ ಗದ್ದಲದಲ್ಲಿ ಕೂತು ಮನೆಗೆ ಬಂದರೆ ಹಾಡು ಬೇಕೆನಿಸುತ್ತಿತ್ತು. ಮನೆಯಲ್ಲಿದ್ದದ್ದು ಮದುವೆಗೆ ಬಂದಿದ್ದ ಟೇಪ್ ರೆಕಾರ್ಡರ್. ಅದರಲ್ಲಿ ಯಾರು ಹಾಡಿದರೂ ನೆಗಡಿಯಾದವರು ಹಾಡಿದ ಹಾಗೆ ಕೇಳುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಸಿ.ಡಿ. ಪ್ಲೇಯರ್‌ಗಳು ನಮ್ಮೂರಿನ ಅಂಗಡಿಗಳಿಗೆ ಬರತೊಡಗಿದಾಗ, ಒಂದು ಒಳ್ಳೆಯ ಸೆಟ್ ಕಟ್ಟಿಸಲೇಬೇಕು ಅಂತ ಮನಸ್ಸು ಮಾಡಿದೆ.

ಕಟ್ಟಿಕೊಡಲು ಒಪ್ಪಿದವರು ಬಸ್ ಸ್ಟ್ಯಾಂಡಿನ ಹಿಂದೆ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಒಬ್ಬ ಮೆಕ್ಯಾನಿಕ್. ಐವತ್ತು ದಾಟಿದವರು. ಊರೆಲ್ಲ ಅವರನ್ನು ಭಾಯ್ ಅನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಶುಕ್ರವಾರ ಅವರ ಅಂಗಡಿಗೆ ರಜೆ. ನಮಾಜ್ ಮುಗಿಸಿ, ಊಟ ಮಾಡಿ, ಸೈಕಲ್ಲಿಗೆ ಸಾಮಾನಿನ ಚೀಲ ನೇತುಹಾಕಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಬೇಸಿಗೆಯಲ್ಲಿ ಗಿರಣಿಗೆ ಕೆಲಸ ಕಡಿಮೆ, ಹಾಗಾಗಿ ಮಧ್ಯಾಹ್ನ ನಾನೂ ಬಿಡುವು ಮಾಡಿಕೊಳ್ಳುತ್ತಿದ್ದೆ.

ಆಂಪ್ಲಿಫೈಯರನ್ನು ಭಾಯ್ ತಾವೇ ಜೋಡಿಸಿದರು. ಟ್ರಾನ್ಸ್‌ಫಾರ್ಮರಿಗೆ ತಂತಿಯನ್ನೂ ತಾವೇ ಸುತ್ತಿದರು. ಬೆಂಗಳೂರಿನಿಂದ ಸ್ಪೀಕರುಗಳನ್ನು ತರಿಸಿ, ಅವಕ್ಕೆ ದಪ್ಪ ಪ್ಲೈವುಡ್ಡಿನ ಎರಡು ಬಾಕ್ಸು ಮಾಡಿಸಿ, ಒಳಗೆ ಕಂಬಳಿ ನೇಯುವವರ ಮನೆಯಿಂದ ತಂದ ಕುರಿಯ ಉಣ್ಣೆ ತುಂಬಿದೆವು. ಮೊದಲ ಸಲ ಸ್ವಿಚ್ ಒತ್ತಿದಾಗ ಹಾಡಿಗಿಂತ ಜೋರಾಗಿ ಗುಂಯ್ ಎಂಬ ಸದ್ದು ಬಂತು. ಅದು ಹೋಗಲು ಎರಡು ಶುಕ್ರವಾರ ಹಿಡಿಯಿತು. ಆಮೇಲೆ ನಡುಮನೆಯ ಕಡಪ ಕಲ್ಲಿನ ನೆಲಕ್ಕೂ ಬರಿ ಗೋಡೆಗೂ ದನಿ ಬಡಿದು ಮಾರ್ದನಿಸುವುದು ಶುರುವಾಯಿತು. ಹಿಂದಿನ ಗೋಡೆಗೆ ಎರಡು ಕಂಬಳಿ ಮೊಳೆ ಹೊಡೆದು ತೂಗುಬಿಟ್ಟೆವು. ನನ್ನ ಹೆಂಡತಿ, "ಏನ್ರೀ, ಮನೆ ನೋಡಿದ್ರೆ ಕುರಿ ಹಟ್ಟಿ ಆದಂಗೈತೆ" ಅಂದಳು. ಆದರೂ ತಮಾಷೆ ಮಾಡುತ್ತಲೇ ಬಂದು ಕೂತು ಕೇಳುತ್ತಿದ್ದಳು.

ಎಲ್ಲ ಸರಿಹೋದ ಮೇಲೆ ಉಳಿದದ್ದು ಒಂದೇ ದೋಷ. ಒಳ್ಳೆಯ ಸೆಟ್ಟಿನಲ್ಲಿ ಹಾಡುವವರ ದನಿ ಎರಡು ಬಾಕ್ಸುಗಳ ನಟ್ಟನಡುವೆ ನಿಲ್ಲಬೇಕು, ಅಲ್ಲಿ ಯಾರೋ ಕೂತು ಹಾಡುತ್ತಿದ್ದಾರೆ ಅನ್ನಿಸಬೇಕು. ನನಗೆ ಹಾಗೆ ಅನ್ನಿಸುತ್ತಲೇ ಇರಲಿಲ್ಲ. ದನಿ ಯಾವಾಗಲೂ ಬಲಕ್ಕೆ ಸರಿದಿರುತ್ತಿತ್ತು. ಎಡಗಡೆಯ ಬಾಕ್ಸು ಮಂಕು.

"ಎಡಗಡೆ ವೀಕ್ ಐತೆ, ಭಾಯ್" ಅಂದೆ.

ಅವರು ಬೇಸರಪಡುವ ಮನುಷ್ಯರಲ್ಲ. "ಒಂದೊಂದೇ ಬದಲಾಯಿಸಿ ನೋಡಾಣ ಸಾಬ್, ಮರ್ಜ್, ರೋಗ ಎಲ್ಲೈತೆ ಗೊತ್ತಾಗ್ತೈತೆ" ಅಂದರು. ಎರಡೂ ಕಡೆ ಒಂದೇ ದನಿ ಬರಲೆಂದು ರೇಡಿಯೊ ಜೋಡಿಸಿ ವಾರ್ತೆ ಹಾಕಿ, ಎರಡು ಬಾಕ್ಸುಗಳನ್ನು ಅದಲುಬದಲು ಮಾಡಿದರು. ಎಡ ಮಂಕಾಗೇ ಇತ್ತು. ತಂತಿ ಅದಲುಬದಲು ಮಾಡಿದರು. ಆಗಲೂ ಎಡವೇ. ಮುಂದಿನ ವಾರ ಆಂಪ್ಲಿಫೈಯರ್ ಬಿಚ್ಚಿ ಎಡಗಡೆಯ ಭಾಗಗಳನ್ನೆಲ್ಲ ಹೊಸದಾಗಿ ಬೆಸೆದು ತಂದರು. ಅದರ ಮುಂದಿನ ವಾರ ಇಡೀ ಸೆಟ್ಟನ್ನು ಎದುರು ಗೋಡೆಗೆ ಸಾಗಿಸಿದೆವು. ಅಲ್ಲೂ ಎಡಗಡೆಯೇ ಮಂಕು. ನಾನು ಸಿಡಿಮಿಡಿಗೊಂಡೆ. ಇಷ್ಟು ಸಣ್ಣ ದೋಷ ಹಿಡಿಯಲಾಗದವರ ಕೈಗೆ ಕೊಟ್ಟೆನಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಇದನ್ನು ಈಗ ಹೇಳಲು ನಾಚಿಕೆಯಾಗುತ್ತದೆ.

ಮುಂದಿನ ಶುಕ್ರವಾರ ಭಾಯ್ ಏನನ್ನೂ ಬಿಚ್ಚಲಿಲ್ಲ. ನನ್ನ ಹೆಂಡತಿಯನ್ನು ನನ್ನ ಕುರ್ಚಿಯಲ್ಲಿ ಕೂರಿಸಿ, "ಅಮ್ಮಾ, ದನಿ ಎಲ್ಲಿಂದ ಬರ್ತೈತೆ, ಕೈ ತೋರ್ಸಿ" ಅಂದರು. ಅವಳು ನಟ್ಟನಡುವೆ ತೋರಿಸಿದಳು.

"ಈಗ ನೀವು ಕೂತ್ಕೊಳ್ಳಿ ಸಾಬ್. ಆದ್ರೆ ಬೆನ್ನು ಮಾಡಿ ಕೂತ್ಕೊಳ್ಳಿ."

ಕುರ್ಚಿ ತಿರುಗಿಸಿ ಸೆಟ್ಟಿಗೆ ಬೆನ್ನು ಹಾಕಿ ಕೂತೆ. ಕೊಳಲು, ತಬಲಾ, ಗೆಜ್ಜೆ ಇದ್ದ ಸಿ.ಡಿ.ಯೊಂದನ್ನು ಹಾಕಿದರು. ಅದನ್ನು ನಾನು ಎಷ್ಟೋ ಸಲ ಕೇಳಿದ್ದೆ. ಎಡಗಡೆಯ ಬಾಕ್ಸು ಈಗ ನನ್ನ ಬಲಕ್ಕಿತ್ತು. ಅದರಿಂದ ಗೆಜ್ಜೆಯ ಸದ್ದು ಒಂದೊಂದು ಕಾಳೂ ಬೇರೆ ಬೇರೆಯಾಗಿ ಕೇಳಿತು. ಅಷ್ಟು ಗೆಜ್ಜೆ ಅದರಲ್ಲಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಇನ್ನೊಂದು ಕಡೆಯ ತಬಲಾ ಮಾತ್ರ ದೂರ ಸರಿದಿತ್ತು.

"ಈಗ ಯಾವುದು ವೀಕ್?"

"ಬಲಗಡೆ ಬಾಕ್ಸು" ಅಂದೆ. ಅಂದ ಮೇಲೂ ನನಗೆ ಹೊಳೆಯಲಿಲ್ಲ.

ಭಾಯ್ ಹಿಂದಿನಿಂದ ಬಂದು ಒಂದು ಕೈ ನನ್ನ ಹೆಗಲ ಮೇಲಿಟ್ಟು, ಇನ್ನೊಂದು ಕೈಯ ಬೆರಳಿನಿಂದ ನನ್ನ ಬಲಗಿವಿಯನ್ನು ಬಿಗಿಯಾಗಿ ಒತ್ತಿದರು. ಹಾಡು ಒಮ್ಮೆಲೇ ಬಾವಿಗೆ ಬಿದ್ದಂತಾಯಿತು.

"ಯಾಕೆ ಭಾಯ್, ವಾಲ್ಯೂಮ್ ಇಳಿಸಿದ್ರಿ?" ಅಂತ ಕೇಳಿದೆ.

ಬೆರಳು ತೆಗೆದು, ನನ್ನ ಮುಂದೆ ಬಂದು ನಿಂತು ಹೇಳಿದರು. "ನಾನು ಸೆಟ್ಟು ಮುಟ್ಟಿಲ್ಲ ಸಾಬ್. ನನ್ನ ಎರಡೂ ಕೈ ನಿಮ್ಮ ಮೇಲೇ ಇದ್ವು."

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು. ನಾನೇ ನನ್ನ ಬಲಗಿವಿ ಒತ್ತಿ ನೋಡಿಕೊಂಡೆ, ಬಿಟ್ಟೆ, ಮತ್ತೆ ಒತ್ತಿದೆ. ಹಾಡು ಹೋಗುತ್ತಿತ್ತು, ಬರುತ್ತಿತ್ತು. ಮೂವತ್ತೇಳು ವರ್ಷದ ಗಟ್ಟಿಮುಟ್ಟಾದ ಆಳು ನಾನು. ಒಂದು ದಿನ ಕಿವಿ ನೋವು ಅಂದವನಲ್ಲ. ಗಿರಣಿಯಲ್ಲಿ ಫೋನನ್ನು ಯಾವಾಗಲೂ ಬಲಗಿವಿಗೇ ಹಿಡಿಯುತ್ತಿದ್ದೆ. ಅದು ಅಭ್ಯಾಸ ಅಂದುಕೊಂಡಿದ್ದೆ.

ಭಾಯ್ ಟೀ ಕುಡಿಯದೆ ಹೊರಟರು. ಬಾಗಿಲ ಬಳಿ ನಿಂತು, "ಎರಡು ವಾರದಿಂದ ಅನುಮಾನ ಇತ್ತು. ಹೇಳಾಕೆ ಬಾಯಿ ಬರ್ಲಿಲ್ಲ. ಮಾಫ್ ಮಾಡಿ" ಅಂದರು. ಕ್ಷಮೆ ಕೇಳಬೇಕಾದವನು ನಾನಾಗಿದ್ದೆ.

ಅವರು ಹೋದ ಮೇಲೆ ಹೆಂಡತಿ ನನ್ನ ಬಲಗಡೆ ಬಂದು ನೆಲದ ಮೇಲೆ ಕೂತಳು. ಆಮೇಲೆ ಕೇಳಿದಳು.

"ಹಂಗಾರೆ ನೀವು ಬೇಕಂತ ಸುಮ್ನಿರ್ತಿರಲಿಲ್ವಾ?"

"ಯಾವಾಗ?"

"ಊಟಕ್ಕೆ ಕೂತಾಗ, ಮಲಗಿದಾಗ. ಏನೋ ಕೇಳಿದ್ರೆ ಉತ್ರ ಇರ್ತಿರಲಿಲ್ಲ. ಎಲ್ಡು ವರ್ಷದಿಂದ. ನನ್ನ ಮ್ಯಾಲೆ ಮನಸು ಮುರಿದೈತೆ ಅಂದ್ಕಂಡಿದ್ದೆ. ಅವ್ವನ ಹತ್ರ ಹೇಳ್ಕಂಡು ಅತ್ತೂ ಬಂದಿದ್ದೆ."

ಕಿವಿ ಹೋಗಿದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಅಲುಗಾಡಿಸಿತು. ಒಂದೇ ಮನೆಯಲ್ಲಿದ್ದು ಎರಡು ವರ್ಷ ಅವಳು ಹೀಗೆ ನೊಂದಿದ್ದಳು, ನನಗೆ ಅದರ ಸುಳಿವೂ ಇರಲಿಲ್ಲ.

ದಾವಣಗೆರೆಯ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ನನ್ನ ಮೇಜು ಗಿರಣಿಯಲ್ಲಿ ಎಲ್ಲಿದೆ ಅಂತ ಕೇಳಿದರು. ಯಂತ್ರಗಳು ನನ್ನ ಎಡಕ್ಕೇ ಇದ್ದವು. ಅದೊಂದೇ ಕಾರಣವೋ ಬೇರೆಯದೂ ಸೇರಿದೆಯೋ ಹೇಳಲಾಗದು, ನರ ಸೋತಿದೆ, ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಅಂದರು. ಕಿವಿಗೆ ಇಡುವ ಮಶೀನು ಕೊಟ್ಟರು. ಗಿರಣಿಯಲ್ಲಿ ಕೇಳಿ ಗೋಡೌನಿನ ಕೆಲಸಕ್ಕೆ ಹಾಕಿಸಿಕೊಂಡೆ. ಯಂತ್ರದ ಬಳಿ ನಿಲ್ಲುವವರಿಗೂ ವಿಷಯ ತಿಳಿಸಿದೆ. ಕೆಲವರು ನಕ್ಕರು, ಕೆಲವರು ಕಿವಿಗೆ ಹತ್ತಿ ಇಟ್ಟುಕೊಳ್ಳತೊಡಗಿದರು.

ಇದಾದ ಒಂದು ತಿಂಗಳಿಗೆ ಹೆಂಡತಿಯ ತವರಾದ, ಆಂಧ್ರದ ಗಡಿಯ ಮೊಳಕಾಲ್ಮೂರಿಗೆ ಹೋದೆವು. ಮಾವನವರು ರೇಷ್ಮೆ ಸೀರೆ ನೇಯುತ್ತಿದ್ದವರು. ಅದಕ್ಕೂ ಒಂದು ವರ್ಷ ಹಿಂದೆ ಮಗ್ಗ ಬಿಚ್ಚಿ ಮಾರಿಬಿಟ್ಟಿದ್ದರು. ಅದು ಅವರದೇ ತೀರ್ಮಾನ ಅಂತ ನಾನು ತಿಳಿದಿದ್ದೆ. ಆಮೇಲಿಂದ ನನ್ನೊಡನೆ ಮಾತು ಕಡಿಮೆ ಮಾಡಿದ್ದರು, ವಯಸ್ಸಾಯಿತು ಅಂದುಕೊಂಡಿದ್ದೆ. ಹೆಂಡತಿ ನನ್ನ ಕಿವಿಯ ವಿಷಯ ಹೇಳಿದ್ದೇ ತಡ, ಅವರು ನನ್ನ ಕಡೆ ತಿರುಗಿದರು.

"ಅಳಿಯಂದ್ರೇ, ಅವತ್ತು ಇದೇ ಪಡಸಾಲ್ಯಾಗೆ ಊಟಕ್ಕೆ ಕೂತಿದ್ವಿ. ನಾನು ನಿಮ್ ಎಡಕ್ಕಿದ್ದೆ. ಮಗ್ಗ ತೆಗೀಲೋ ಬ್ಯಾಡ್ವೋ, ನೀವೊಂದು ಮಾತು ಹೇಳ್ರಿ ಅಂದೆ. ನೀವು ಹೂಂ ಅನ್ನಂಗೆ ತಲೆ ಆಡ್ಸಿದ್ರಿ."

ಹೌದು, ಆಡಿಸಿರಬೇಕು. ಕೇಳದ ಮಾತಿಗೆಲ್ಲ ನಗುತ್ತಾ ತಲೆ ಆಡಿಸುವುದು ನನಗೆ ರೂಢಿಯಾಗಿತ್ತು ಎಂಬುದು ಆ ಗಳಿಗೆಯಲ್ಲಿ ಗೊತ್ತಾಯಿತು. ಮಗ್ಗದ ಕೆಳಗೆ ಕಾಲು ಇಳಿಬಿಡುವ ಗುಂಡಿಯನ್ನು ಮುಚ್ಚಿ ಸಿಮೆಂಟ್ ಹಾಕಿದ್ದ ಜಾಗ ನಮ್ಮೆದುರಿಗೇ ಇತ್ತು. ಅದನ್ನೇ ನೋಡುತ್ತಾ ಕೂತೆ. ಇನ್ನೆಷ್ಟು ಮಾತಿಗೆ ಹೀಗೆ ತಲೆ ಆಡಿಸಿದ್ದೆನೋ, ಯಾರ್‍ಯಾರಿಗೆ ಏನೇನು ಒಪ್ಪಿಗೆ ಕೊಟ್ಟಿದ್ದೆನೋ ಎಂದು ಲೆಕ್ಕ ಹಾಕತೊಡಗಿದೆ.

"ಮಾವಾ, ನನಗೆ ಒಂದಕ್ಷರವೂ ಕೇಳಿಸಿರಲಿಲ್ಲ" ಅಂದೆ.

"ಪರ್ವಾಲೇದು, ಪರ್ವಾಲೇದು" ಅಂದರು. ಆಮೇಲೆ ತಾವೇ, "ನಂಗೂ ಮನಸ್ಸಿನಾಗೆ ತೆಗಿಯಾದೇ ಇತ್ತು. ಆದ್ರೂ ನಿಮ್ ಬಾಯಿಂದ ಬ್ಯಾಡ ಅಂತ ಬರ್ಲಿ ಅಂತ ಕೇಳಿದ್ದೆ" ಅಂದರು.

ಅವತ್ತು ಕೇಳಿಸಿದ್ದರೆ ನಾನು ಬೇಡ ಅನ್ನುತ್ತಿದ್ದೆನೇ? ಈಗಲೂ ನನಗೆ ಗೊತ್ತಿಲ್ಲ. ಅವತ್ತು ಏನೇನು ಹೇಳಿದ್ದಿರೋ ಅದನ್ನೆಲ್ಲ ಇನ್ನೊಂದು ಸಲ ಹೇಳಿ ಅಂತ ಮಾತ್ರ ಬೇಡಿಕೊಂಡೆ. ಅವರು ಎದ್ದು, ತಮ್ಮ ಚಾಪೆಯನ್ನು ನನ್ನ ಬಲಕ್ಕೆ ಎಳೆದುಕೊಂಡು ಕೂತರು. ಕಾಲುನೋವು ಶುರುವಾದದ್ದರಿಂದ ಹಿಡಿದು, ಮಗ್ಗ ಕೊಳ್ಳಲು ಬಂದವರು ಮರ ತಟ್ಟಿ ನೋಡಿದ್ದರವರೆಗೆ, ಕನ್ನಡದಲ್ಲಿ ಅರ್ಧ, ತೆಲುಗಿನಲ್ಲಿ ಅರ್ಧ, ನಿಧಾನವಾಗಿ ಹೇಳುತ್ತಾ ಹೋದರು. ನಡುವೆ ಎರಡು ಸಲ ನಾನು ಅವರನ್ನು ತಡೆದು, ಕೇಳಿಸಲಿಲ್ಲ ಅಂದೆ. ಅವರು ಬೇಸರಿಸದೆ ಮತ್ತೆ ಹೇಳಿದರು.