ಅಪ್ಪನಿಗೆ ಎಡೆ ಇಟ್ಟ ವರ್ಷ

ಫೋನು ಮಾಡಬೇಕೆಂದರೆ ಹೊಸಹಳ್ಳಿಯ ತನಕ ಹೋಗಬೇಕಾಗಿದ್ದ ಕಾಲ ಅದು. ತೊಂಬತ್ತರ ದಶಕದ ನಡುವಿನ ವರ್ಷಗಳು. ಮಹಾನವಮಿ ಅಮಾವಾಸ್ಯೆ ಹತ್ತಿರ ಬಂತೆಂದರೆ ಊರಿಗೆ ಊರೇ ಶೇಂಗಾ ಕೀಳುವ ಕೆಲಸದಲ್ಲಿ ಮುಳುಗಿರುತ್ತಿತ್ತು. ಹಸಿ ಕಾಯಿಗೆ ಅಂಟಿದ ಕೆಮ್ಮಣ್ಣಿನ ವಾಸನೆ ಎಷ್ಟು ತೊಳೆದರೂ ಕೈ ಬಿಡುತ್ತಿರಲಿಲ್ಲ. ಸಾಲಿ ಬಿಟ್ಟ ಮೇಲೆ ನಾವು ಹುಡುಗಿಯರು ಹೊಲದ ಬದುವಿನಲ್ಲಿ ಶೇಂಗಾ ಸುಟ್ಟು, ಮೂತಿಯೆಲ್ಲ ಮಸಿ ಮಾಡಿಕೊಂಡು ತಿಂದು, ಆಮೇಲೆ ಕುಂಟಾಬಿಲ್ಲೆ ಆಡುತ್ತಿದ್ದೆವು. ಆಟದಲ್ಲಿ ಜಗಳ ಬಂದರೆ ನನ್ನನ್ನು ಸೋಲಿಸಲು ಗೆಳತಿಯರ ಹತ್ತಿರ ಒಂದೇ ಮಾತಿತ್ತು.

"ನಿಮ್ಮಪ್ಪ ಎಲ್ಲಿ ಅದಾನ ಹೇಳ್ಲೇ ನೋಡಾಣ?"

"ಗುಟ್ಟಿನ ಕೆಲಸಕ್ಕ ಹೋಗ್ಯಾನ. ನಿಮ್ಮಪ್ಪನಂಗ ಕಟ್ಟಿ ಮ್ಯಾಲ ಕುಂತು ಹೊತ್ತು ಕಳಿಯಂಗಿಲ್ಲ," ಅನ್ನುತ್ತಿದ್ದೆ. ಬಾಯಿ ಜೋರು ನನಗೆ ಹುಟ್ಟಿನಿಂದ ಬಂದದ್ದು.

ಗುಟ್ಟಿನ ಕೆಲಸ ಎನ್ನುವುದು ನಾನು ಕಟ್ಟಿದ ಕತೆಯಲ್ಲ. ಅಪ್ಪ ಮಿಲಿಟ್ರಿಯಲ್ಲಿದ್ದ. ನಾನು ತೊಟ್ಟಿಲಲ್ಲಿದ್ದಾಗ ಅವನ ಪಡೆಯನ್ನು ಲಂಕೆಗೆ ಕಳಿಸಿದ್ದರು. ಅಲ್ಲಿ ಕೆಲವೇ ಮಂದಿಯನ್ನು ಆರಿಸಿ, ಯಾರಿಗೂ ಹೇಳಬಾರದ ಯಾವುದೋ ಕೆಲಸಕ್ಕೆ ಕಾಡಿನೊಳಗೆ ಬಿಟ್ಟರಂತೆ. ಆಮೇಲೆ ಕಾಣೆಯಾಗಿದ್ದಾನೆ ಎಂದು ತಂತಿ ಬಂತು. ಎಲ್ಲಿ, ಹೇಗೆ ಎಂದು ಕೇಳಿದರೆ ಅದನ್ನು ಹೇಳುವ ಹಾಗಿಲ್ಲ ಎಂಬ ಉತ್ತರ. ಲಂಕೆಗೆ ಹೋದ ಸೈನ್ಯವೆಲ್ಲ ವಾಪಸು ಬಂತು. ಅಪ್ಪ ಬರಲಿಲ್ಲ, ಅವನ ಹೆಣವೂ ಬರಲಿಲ್ಲ.

ಅವ್ವ ಆಗಾಗ ರೊಟ್ಟಿ ಗಂಟು ಕಟ್ಟಿಕೊಂಡು ಬಳ್ಳಾರಿಯ ಮಿಲಿಟ್ರಿ ಆಫೀಸಿಗೆ ಹೋಗುತ್ತಿದ್ದಳು. ಅಲ್ಲಿಯ ಬೆಂಚಿನ ಮೇಲೆ ಅವಳಿಗೆ ಸಿಕ್ಕವಳು ನೀಲಗುಂದದ ಹಾಲಮ್ಮ. ಹಾಲಮ್ಮನ ಮಗ ಭೀಮಪ್ಪನೂ ಅಪ್ಪನ ಜೊತೆಗೇ ಹೋಗಿ ಕಾಣೆಯಾದವನು. ಆಫೀಸಿನವರು ಇಬ್ಬರಿಗೂ ಒಂದೇ ಮಾತು ಹೇಳಿ ಕಳಿಸುತ್ತಿದ್ದರು, ಇಬ್ಬರೂ ಹೊರಗೆ ಬೇವಿನ ಮರದಡಿ ಕೂತು ಚಟ್ನಿ, ರೊಟ್ಟಿ ಹಂಚಿಕೊಂಡು ಉಂಡು ಬರುತ್ತಿದ್ದರು. ಒಂದೊಂದು ಸಲ ಹಾಲಮ್ಮ ನಮ್ಮ ಮನೆಗೂ ಬರುತ್ತಿದ್ದಳು. ನನಗೆ ಮಂಡಕ್ಕಿ ಉಂಡೆ ತರುವುದನ್ನು ಮರೆಯುತ್ತಿರಲಿಲ್ಲ.

"ನನ್ನ ಮಗ ಗಟ್ಟಿ ಜೀವ ಕಣವ್ವ. ಎಲ್ಲೋ ಅದಾನೆ, ಬರ್ತಾನೆ. ಬರೋವಾಗ ನಿನ್ನ ಗಂಡನ್ನೂ ಕರಕೊಂಡೇ ಬರ್ತಾನೆ," ಎಂದು ಅವ್ವನ ಬೆನ್ನು ಸವರುತ್ತಿದ್ದಳು. ಅವಳ ಮಾತು ಕೇಳಿದ ದಿನ ಅವ್ವ ಹೊಟ್ಟೆ ತುಂಬ ಉಣ್ಣುತ್ತಿದ್ದಳು.

ಆದರೆ ವರ್ಷಕ್ಕೊಮ್ಮೆ ಬರುವ ಆ ಅಮಾವಾಸ್ಯೆ ನಮ್ಮ ಮನೆಯನ್ನು ಎರಡು ಹೋಳು ಮಾಡುತ್ತಿತ್ತು. ಹಿರಿಯರ ಹಬ್ಬ ಅದು. ಮನೆಯಲ್ಲಿ ತೀರಿಕೊಂಡ ಒಬ್ಬೊಬ್ಬರ ಹೆಸರಿಗೂ ಒಂದೊಂದು ಎಲೆ ಹಾಕಿ, ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಬಡಿಸಿ ಎಡೆ ಇಡಬೇಕು. ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರಬೇಕು. ಆಗ ಹಿರಿಯರು ಬಂದು ಉಂಡು ಹೋಗುತ್ತಾರೆ. ಅಜ್ಜನ ಎಲೆಯ ಪಕ್ಕ ಅಜ್ಜಿ ಬೀಡಿ ಕಟ್ಟು, ಬೆಂಕಿಪೊಟ್ಟಣ ಇಡುತ್ತಿದ್ದಳು. "ಇದ್ದಾಗ ಬೈದು ಬೈದು ಬಿಡಸಾಕ ಆಗ್ಲಿಲ್ಲ, ಈಗೇನು ಬಿಡಸ್ಲಿ," ಎನ್ನುತ್ತಿದ್ದಳು.

ಅಪ್ಪನ ಹೆಸರಿಗೆ ಎಲೆ ಹಾಕಬೇಕೋ ಬೇಡವೋ? ಬದುಕಿರುವವನಿಗೆ ಎಡೆ ಇಟ್ಟರೆ ಅವನ ಆಯುಷ್ಯವನ್ನು ನಾವೇ ಕಡಿದ ಹಾಗೆ. ಸತ್ತವನಿಗೆ ಇಡದೆ ಹೋದರೆ ಅವನು ತನ್ನ ಮನೆಯ ಬಾಗಿಲಿಗೆ ಬಂದು, ಉಪವಾಸ ನಿಂತು, ತಿರುಗಿ ಹೋಗುತ್ತಾನೆ.

"ಇನ್ನ ಎಷ್ಟ್ ವರ್ಷ ನನ್ನ ತಮ್ಮನ್ನ ಹೊರಗ ನಿಂದ್ರಸ್ತೀರಿ?" ಎಂದು ದೊಡ್ಡಪ್ಪ ಪ್ರತಿ ವರ್ಷ ಕೂಗಾಡುತ್ತಿದ್ದ.

"ಎಲಿ ಹಾಕಿದ್ರ ನಾನು ಬಳಿ ಒಡಕಬೇಕು. ಯಾರು ನೋಡಿ ಬಂದು ಹೇಳ್ಯಾರಂತ ಒಡಕಳ್ಳಿ? ನೀವ ಹೇಳ್ರಿ ಭಾವಾರ," ಎನ್ನುತ್ತಿದ್ದಳು ಅವ್ವ. ದೊಡ್ಡಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊಲದ ಕಡೆ ಹೋಗಿಬಿಡುತ್ತಿದ್ದ. ಹಬ್ಬದ ಹೋಳಿಗೆ ಆ ದಿನ ಬುಟ್ಟಿಯಲ್ಲೇ ಉಳಿಯುತ್ತಿತ್ತು.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಹಬ್ಬಕ್ಕೆ ಸ್ವಲ್ಪ ಮುಂಚೆ, ಹಾಲಮ್ಮ ಏದುಸಿರು ಬಿಡುತ್ತ ಬಂದಳು. ಅಪ್ಪನ ಜೊತೆ ಆ ಕೆಲಸಕ್ಕೆ ಹೋಗಿ ಜೀವಂತ ತಿರುಗಿ ಬಂದ ನಾಗಪ್ಪ ಎಂಬುವನು ಸೈನ್ಯ ಬಿಟ್ಟು ಹಡಗಲಿ ಹತ್ತಿರದ ತನ್ನ ಊರಿಗೆ ಬಂದಿದ್ದಾನೆ ಎಂಬ ಸುದ್ದಿ ಅವಳಿಗೆ ಹರಪನಹಳ್ಳಿ ಸಂತೆಯಲ್ಲಿ ಸಿಕ್ಕಿತ್ತು. ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಹೋದರು. ಸಂಜೆ ಬಂದ ಅವ್ವ ಚಪ್ಪಲಿ ಕೂಡ ಬಿಡದೆ ಕಟ್ಟೆ ಮೇಲೆ ಕುಸಿದಳು.

"ಕೈಕಾಲಿಗೆ ನೀರು ಕೊಟ್ಟ, ಚಾ ಕೊಟ್ಟ. ಬಾಯಿ ಮಾತ್ರ ಬಿಡ್ಲಿಲ್ಲ ಅತ್ತಿ. ಆಣಿ ಮಾಡ್ಯಾನಂತ. ಹೇಳಿದ್ರ ಜೇಲಿಗೆ ಹಾಕ್ತಾರಂತ," ಎಂದು ಸಿಟ್ಟಿಗೆ ಅತ್ತಳು.

ಅಜ್ಜಿ ಶೇಂಗಾ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಬಾಯಿ ಬಿಡೋದು ಬ್ಯಾಡ ಬಿಡು. ಅಮಾಸಿಗೆ ನಮ್ಮ ಮನಿಗೆ ಉಣ್ಣಾಕ ಬಾ ಅಂತ ಹೇಳಿ ಕಳಸು."

"ಉಣ್ಣಾಕ ಕರದ್ರ ಏನ್ ಬಂತು?"

"ಬರ್ಲಿ. ಆಣಿ ಇರೋದು ಬಾಯಿಗೆ. ಕೈಗೆ ಇಲ್ಲ," ಎಂದಳು ಅಜ್ಜಿ. ನನಗೆ ಅರ್ಥವಾಗಲಿಲ್ಲ. ಅವ್ವನಿಗೂ ಆಗಿರಲಿಕ್ಕಿಲ್ಲ.

ನಾಗಪ್ಪ ಬಂದ. ಬರುವುದಿಲ್ಲ ಎಂದುಕೊಂಡಿದ್ದೆವು, ಹಬ್ಬದ ಊಟಕ್ಕೆ ಕರೆದ ಮೇಲೆ ಇಲ್ಲ ಎನ್ನಲು ಅವನಿಂದ ಆಗಲಿಲ್ಲವೇನೋ. ಸಣಕಲು ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಹೊರಸಿನ ತುದಿಯಲ್ಲಿ ಕೂತವನು ನನ್ನನ್ನು ಒಮ್ಮೆ ನೋಡಿ ಮುಖ ತಿರುಗಿಸಿಕೊಂಡ. ಹಾಲಮ್ಮನೂ ಬಂದಿದ್ದಳು. ಅವ್ವನಿಗೆ ಧೈರ್ಯ ಹೇಳಲು ಬಂದವಳು ಅವಳು, ಅವಳಿಗೆ ತನ್ನ ಮಗನ ಬಗ್ಗೆ ಅನುಮಾನವೇ ಇರಲಿಲ್ಲ.

ಪಡಸಾಲೆಯ ಒಳಗೆ ಕಲಶ, ಹೊಸ ಧೋತರ, ಸೀರೆ ಇಟ್ಟು ಪೂಜೆಯಾಗಿತ್ತು. ಹೋಳಿಗೆ, ಎಣ್ಣೆಗಾಯಿಯ ಘಮದ ಜೊತೆ ಊದುಬತ್ತಿಯ ಹೊಗೆ ಕಲೆತಿತ್ತು. ಅಜ್ಜಿ ತನ್ನ ಅತ್ತೆ ಮಾವನಿಗೆ, ಅಜ್ಜನಿಗೆ ಮುತ್ತುಗದ ಎಲೆ ಹಾಕಿದಳು. ಆಮೇಲೆ ಉಳಿದ ಎಲೆಗಳನ್ನು ಹಿಡಿದುಕೊಂಡು ನಾಗಪ್ಪನನ್ನು ಒಳಗೆ ಕರೆದು ಒಂದು ಎಲೆ ಅವನ ಕೈಗೆ ಕೊಟ್ಟಳು.

"ತಮ್ಮಾ, ನಾನು ಏನೂ ಕೇಳಂಗಿಲ್ಲ, ನೀನು ಏನೂ ಹೇಳಬ್ಯಾಡ. ಈ ಸಾಲಿನಾಗ ನನ್ನ ಮಗಂದು ಒಂದು ಎಲಿ ಹಾಕೋದು ಇದ್ರ ಹಾಕು. ಇಲ್ಲಂದ್ರ ತಿರುಗಿ ನನ್ನ ಕೈಗೆ ಕೊಡು. ಅಷ್ಟ."

ಅವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಹಾಲಮ್ಮ ಅವಳ ಭುಜ ಹಿಡಿದಿದ್ದಳು. ನಾನು ಮನಸ್ಸಿನಲ್ಲೇ ಗ್ರಾಮದೇವತೆಗೆ ಹರಕೆ ಹೊತ್ತುಕೊಳ್ಳುತ್ತಿದ್ದೆ: ಎಲೆ ತಿರುಗಿ ಕೊಡಲಿ, ತಿರುಗಿ ಕೊಡಲಿ.

ನಾಗಪ್ಪ ಕೈಯಲ್ಲಿದ್ದ ಎಲೆಯನ್ನು ನೋಡಿದ, ಬಾಗಿಲ ಕಡೆ ನೋಡಿದ. ಆಮೇಲೆ ಮೊಣಕಾಲೂರಿ, ಅಜ್ಜನ ಎಲೆಯ ಪಕ್ಕ ಆ ಎಲೆ ಹಾಸಿ, ನೀರು ಚಿಮುಕಿಸಿ, ಅಂಗೈಯಿಂದ ಒರೆಸಿದ.

ಅವನು ಏಳುತ್ತಾನೆ ಎಂದುಕೊಂಡರೆ ಏಳಲಿಲ್ಲ. ತಲೆ ತಗ್ಗಿಸಿಕೊಂಡೇ ಕೈ ಚಾಚಿದ.

"ಇನ್ನೊಂದು ಎಲಿ ಕೊಡ್ರಿ ಅಮ್ಮಾ."

ಹಾಲಮ್ಮನ ಕೈ ಅವ್ವನ ಭುಜದಿಂದ ಜಾರಿತು. ನಮ್ಮ ಮನೆಯ ಹಿರಿಯರ ಸಾಲಿನಲ್ಲಿ ಬೇರೆ ಮನೆಯವರ ಎಲೆ ಹಾಕುವ ಪದ್ಧತಿ ಇಲ್ಲ. ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದ, ಅಜ್ಜಿ ಕೈ ಎತ್ತಿ ಅವನನ್ನು ತಡೆದು ಎಲೆ ಕೊಟ್ಟಳು.

"ನನ್ನ ಮಗ ಗಟ್ಟಿ ಜೀವ ಕಣಪ್ಪಾ," ಎಂದಳು ಹಾಲಮ್ಮ. ನಾಗಪ್ಪ ಎರಡನೇ ಎಲೆ ಹಾಸಿದ.

ಬಡಿಸಿ ಮುಗಿದ ಮೇಲೆ ಅಜ್ಜಿ ಪದ್ಧತಿಯಂತೆ ಎಲೆಗೊಂದು ಸಣ್ಣ ಲೋಟದಲ್ಲಿ ನೀರಿಟ್ಟಳು. ನಾಗಪ್ಪ ಅದನ್ನು ನೋಡಿದ. ಎದ್ದು ಹೋಗಿ ಕೊಡದಿಂದ ಎರಡು ದೊಡ್ಡ ಚೊಂಬು ತುಂಬಿಸಿ ತಂದು ಆ ಎರಡು ಎಲೆಗಳ ಮುಂದೆ ಇಟ್ಟ. "ಇವ್ರಿಗೆ ಯಾವಾಗ್ಲೂ ನೀರು ಭಾಳ ಇಡ್ರಿ," ಎಂದವನೇ ಮುಖ ಮುಚ್ಚಿಕೊಂಡು ಹೊರಗೆ ಹೋದ. ಅಪ್ಪ ನೀರಡಿಸಿ ಸತ್ತ ಎಂದು ನಮಗೆ ಗೊತ್ತಾದದ್ದು ಹೀಗೆ. ಇದಕ್ಕಿಂತ ಹೆಚ್ಚಿನ ಉತ್ತರ ಯಾವ ಆಫೀಸಿನಿಂದಲೂ ಇವತ್ತಿನವರೆಗೆ ಬಂದಿಲ್ಲ.

ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂತೆವು. ವರ್ಷ ವರ್ಷ ಎಡೆ ಇಡಲೇಬೇಕೆಂದು ಜಗಳವಾಡಿದ ದೊಡ್ಡಪ್ಪನೇ ಎಲ್ಲರಿಗಿಂತ ಜೋರಾಗಿ ಅತ್ತ. ಹಾಲಮ್ಮ ಅಳಲಿಲ್ಲ, ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು. ಅವ್ವ ಬಳೆ ಒಡೆಯಲಿಲ್ಲ, ಒಂದೊಂದಾಗಿ ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡಳು. ನನಗೆ ಅಳು ಬರಲಿಲ್ಲ, ನಾಗಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು. ಅವನು ಪಾಪ, ಬೇವಿನ ಗಿಡಕ್ಕೆ ಮುಖ ಮಾಡಿ ನಿಂತಿದ್ದ.

ಈಗ ಅಜ್ಜಿ, ದೊಡ್ಡಪ್ಪ ಇಬ್ಬರೂ ಆ ಸಾಲಿಗೆ ಸೇರಿದ್ದಾರೆ. ಹಾಲಮ್ಮನಿಗೆ ಎಲೆ ಹಾಕಲು ಹಿಂದೆ ಯಾರೂ ಉಳಿಯಲಿಲ್ಲ, ಅವಳದ್ದೂ ನಮ್ಮಲ್ಲೇ, ಮಗನ ಪಕ್ಕ. ಒಳ್ಳೆಯದೋ ಕೆಟ್ಟದ್ದೋ, ಗೊತ್ತಾಗಿ ಬಿಡುವುದೇ ಮೇಲು ಎಂದು ತಿಳಿದವರು ಹೇಳುತ್ತಾರೆ. ಅವ್ವನಿಗೆ ಅದು ಮೇಲೇ ಆಯಿತು, ಆಮೇಲೆ ಅವಳು ರಾತ್ರಿ ನಿದ್ದೆ ಮಾಡಿದಳು. ನನ್ನ ಲೆಕ್ಕ ಬೇರೆ. ಆ ಅಮಾವಾಸ್ಯೆಯವರೆಗೆ ಕೂಡ್ಲಿಗಿ ಬಸ್ಸು ನಮ್ಮ ಊರ ಕ್ರಾಸಿಗೆ ಬಂದು ನಿಂತಾಗಲೆಲ್ಲ, ಧೂಳು ಇಳಿದು ಕಡೆಯ ಮನುಷ್ಯ ಕೆಳಗಿಳಿಯುವವರೆಗೆ ನನಗೊಬ್ಬ ಅಪ್ಪ ಇದ್ದ. ಅಷ್ಟು ಹೊತ್ತಾದರೂ ಇದ್ದ. ಆಮೇಲೆ ಬಸ್ಸಿನ ಸಪ್ಪಳ ಕೇಳಿದರೂ ನಾನು ಕುಂಟಾಬಿಲ್ಲೆ ನಿಲ್ಲಿಸಿ ತಿರುಗಿ ನೋಡುವುದನ್ನು ಬಿಟ್ಟೆ.