ಬೂದಿ ಚೆಲ್ಲಿದ ದಾರಿ

ಬೆಳಗ್ಗೆ ಎದ್ದೊಡನೆ ಅಲೈಟ್ ಮಾಡುತ್ತಿದ್ದ ಮೊದಲ ಕೆಲಸ ಒಲೆಯ ಬೂದಿ ಬಳಿಯುವುದು. ತಣ್ಣಗಾದ ಬೂದಿಯನ್ನು ಮರದ ಬೋಗುಣಿಗೆ ತುಂಬಿ ಮನೆಯ ಮೆಟ್ಟಿಲಿಗೆ, ಓಣಿಗೆ, ಕೊನೆಗೆ ಕೋಟೆಯ ಹೊರಗೆ ಕಂದಕದ ದಂಡೆಗೆ ಚೆಲ್ಲಿ ಬರುವಳು. ಎರಡು ಚಳಿಗಾಲದ ಹಿಂದೆ ಅವಳ ತಾಯಿ ನೇಲ್ ಹಿಮ ಕಟ್ಟಿದ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡಿದ್ದಳು. ಅಂದಿನಿಂದ ಮುದುಕಿ ಹಾಸಿಗೆ ಬಿಟ್ಟು ಎದ್ದಿಲ್ಲ. ಮಗಳು ಬೂದಿ ಚೆಲ್ಲುವುದನ್ನು ಬಿಟ್ಟಿಲ್ಲ, ಭಾನುವಾರವೂ.

ಸ್ಪೇನಿನ ರಾಜನ ವಿರುದ್ಧ ಹಾಲೆಂಡಿನ ಊರುಗಳು ತಿರುಗಿ ಬಿದ್ದು ಇಪ್ಪತ್ತು ವರ್ಷ ಕಳೆದಿತ್ತು. ಗಡಿಯ ಮೇಲಿದ್ದ ವಾಲ್ಮುಂಡ ಊರಿಗೆ ಕಂದಕವೇ ಜೀವ. ಆದರೆ ಆ ವರ್ಷದ ಜನವರಿಯಲ್ಲಿ ಕಂದಕ ಎಷ್ಟು ಹೆಪ್ಪುಗಟ್ಟಿತೆಂದರೆ ಅದರ ಮೇಲೆ ಗಾಡಿ ಹೊಡೆಯಬಹುದಿತ್ತು. ಮನೆಗೊಬ್ಬರು ದಿನಾ ಬಂದು ಮಂಜುಗಡ್ಡೆ ಒಡೆದು, ಗೋಡೆಯ ಸುತ್ತ ಹತ್ತು ಮೊಳ ಅಗಲ ನೀರು ತೆರೆದಿಡಬೇಕೆಂದು ಡಂಗುರವಾಯಿತು. ಒಡೆದ ಗಡ್ಡೆಗಳನ್ನು ಆಚೆ ದಂಡೆಗೆ ಹಾಕಿದರೆ ಶತ್ರುವಿಗೆ ಮರೆಯಾಗುತ್ತದೆಂದು ಎಲ್ಲವನ್ನೂ ಈಚೆ, ಗೋಡೆಯ ಬುಡಕ್ಕೇ ಒಟ್ಟಬೇಕಿತ್ತು.

ಅಲೈಟ್ ವಿಧವೆ, ಸಿಪಾಯಿಗಳ ಬಟ್ಟೆ ಒಗೆದು ಬದುಕುತ್ತಿದ್ದವಳು. ಅವಳ ಓಣಿಯ ಪಾಲಿಗೆ ದಿಡ್ಡಿ ಬಾಗಿಲ ಪಕ್ಕದ ಜಾಗ ಬಂತು. ಗಡ್ಡೆ ಹೊತ್ತು ರಾಶಿ ಹತ್ತುವವರೆಲ್ಲ ಮುದುಕರು, ಬಸುರಿಯರು. ಅವರು ಜಾರಬಾರದೆಂದು ಅವಳು ರಾಶಿಯ ಮೇಲೂ ಬೂದಿ ಎರಚಿದಳು. ದಿನಾ ಹೊಸ ಗಡ್ಡೆ, ದಿನಾ ಹೊಸ ಬೂದಿ. ಎಲ್ಲ ಬೆಸೆದುಕೊಂಡು ರಾಶಿ ಗೋಡೆಯ ಮುಕ್ಕಾಲೆತ್ತರಕ್ಕೆ ಬಂತು.

ಹಾವುಮೀನು ಮಾರುವ ವಿಬ್ರಾಂಡ್, ಪಕ್ಕದ ಹಳ್ಳಿಯವನು, ಕಾಲಿಗೆ ಕಬ್ಬಿಣದ ಅಲಗು ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಜಾರುತ್ತ ದಿನಾ ಬರುತ್ತಿದ್ದ. ಆಚೆ ದಂಡೆಯಲ್ಲಿ ನಿಂತು ಹರಟುವುದು ಅವನಿಗೆ ಚಟ.

"ಅಲೈಟಕ್ಕ, ಸ್ವರ್ಗಕ್ಕೆ ಮೆಟ್ಟಿಲು ಕಟ್ತಿದೀಯೇನು?"

"ನೀನು ಹತ್ತೋಕಾಗಲ್ಲ ಬಿಡು. ನಿನ್ನ ತಕ್ಕಡಿ ನೋಡಿದ್ರೆ ಬಾಗಿಲಲ್ಲೇ ತಡೀತಾರೆ."

"ಮೇಲಿನವರೆಗೂ ಬೂದಿ ಹಾಕಿದೀಯಾ?"

"ಹಾಕ್ದೆ ಮತ್ತೆ? ನಿಮ್ಮಪ್ಪ ಬಂದು ಎತ್ಕೋತಾನಾ, ಯಾರಾದ್ರೂ ಬಿದ್ರೆ?"

ಅವನು ನಗುತ್ತ ರಾಶಿಯನ್ನು ಬುಡದಿಂದ ತುದಿಯವರೆಗೆ ನೋಡಿದ. ಆ ನೋಟ ಅವಳಿಗೆ ಮನೆಗೆ ಬಂದ ಮೇಲೂ ಚುಚ್ಚುತ್ತಲೇ ಇತ್ತು. ಸಂಜೆ ಕಾವಲಿನ ನಾಯಕ ಹೆಸೆಲ್ ಬಳಿ ಹೋಗಿ ಹೇಳಿದಳು: "ಸ್ವಾಮಿ, ರಾಶಿ ತುಂಬ ಎತ್ತರ ಆಯ್ತು. ಅರ್ಧ ಕಡಿದು ನೀರಿಗೆ ತಳ್ಳಿಸಿ."

"ಹತ್ತು ಮೊಳ ನೀರು ಹಾರಿ ಬರೋಕೆ ಅವರೇನು ಕಪ್ಪೆಗಳಾ?" ಎಂದ ಹೆಸೆಲ್. ಸುತ್ತಲಿದ್ದವರು ಗೊಳ್ಳೆಂದರು. "ಹೋಗಮ್ಮ. ಹೋದ ವಾರ ನನ್ನ ಅಂಗೀಲಿ ಒಂದು ಗುಂಡಿ ಕಳ್ದಿದೀಯ, ಮೊದಲು ಅದನ್ನ ಹುಡುಕು."

ಮೂರನೆಯ ದಿನ, ಇನ್ನೇನು ಬೆಳಕು ಹರಿಯಬೇಕು, ಅಲೈಟ್ ಬೋಗುಣಿ ಹಿಡಿದು ಗೋಡೆಯ ಮೇಲಕ್ಕೆ ಬಂದಳು. ಅಲ್ಲಿಂದ ದಂಡೆ ನೋಡಿಕೊಂಡು ದಿಡ್ಡಿ ಬಾಗಿಲಿಗೆ ಇಳಿಯುವುದು ಅವಳ ರೂಢಿ. ರಾತ್ರಿ ಪಾಳಿಯವರು ಗಂಜಿಗೆ ಇಳಿದಿದ್ದರು, ಹಗಲು ಪಾಳಿಯವರು ಇನ್ನೂ ಹತ್ತಿರಲಿಲ್ಲ. ಕೆಳಗೆ ಹಿಮ ಅಲುಗಾಡಿದಂತಾಯಿತು. ದಿಟ್ಟಿಸಿದಳು. ಹಿಮವಲ್ಲ, ಮನುಷ್ಯರು. ಕವಚದ ಮೇಲೆ ಬಿಳಿ ಅಂಗಿ ತೊಟ್ಟವರು. ನೀರಿನ ಮೇಲೆ ಹಲಗೆ ಬಿದ್ದಿತ್ತು, ಸದ್ದಾಗದಂತೆ ಹಲಗೆಗೆ ಹುಲ್ಲು ಸುತ್ತಿತ್ತು. ಒಬ್ಬರ ಹಿಂದೊಬ್ಬರು, ಗಿಡ್ಡ ಏಣಿ ಹೊತ್ತು, ಅವಳ ಬೂದಿಯ ಮೇಲೆ ಹೆಜ್ಜೆಯಿಟ್ಟು ಹತ್ತಿ ಬರುತ್ತಿದ್ದರು. ಒಬ್ಬನೂ ಜಾರಲಿಲ್ಲ.

ಅವಳು ಬೋಗುಣಿಯನ್ನು ಮುಂದಿನವನ ಮುಖಕ್ಕೆ ಎಸೆದು, "ಬಂದ್ರು! ಗೋಡೆ ಹತ್ತಿದ್ರು!" ಎಂದು ಕೂಗುತ್ತ ಮೆಟ್ಟಿಲಿಳಿದು ಓಡಿದಳು. ಹೆಸೆಲ್ ಗಂಜಿಯ ಬಟ್ಟಲು ಕೆಳಗಿಟ್ಟು ಕತ್ತಿಗೆ ಕೈ ಹಾಕುವಷ್ಟರಲ್ಲಿ ಇಪ್ಪತ್ತು ಜನ ಒಳಗಿದ್ದರು. ಅವನು ಅಲ್ಲೇ ಬಿದ್ದ. ದೊಡ್ಡ ಬಾಗಿಲು ಒಳಗಿನಿಂದ ತೆರೆಯಿತು. ಎಂಟು ಗಂಟೆಯ ಪ್ರಾರ್ಥನೆಯ ಹೊತ್ತಿಗೆ ಊರು ರಾಜನ ದಂಡಿನದಾಗಿತ್ತು.

ಮಧ್ಯಾಹ್ನದವರೆಗೆ ಲೂಟಿಗೆ ಅಪ್ಪಣೆಯಾಯಿತು. ಓಣಿಯ ಆ ತುದಿಯಲ್ಲಿ ಬಾಗಿಲು ಒಡೆಯುವ ಸದ್ದು ಮನೆಯಿಂದ ಮನೆಗೆ ಹತ್ತಿರವಾಗುತ್ತಿತ್ತು. ಅಲೈಟ್ ತಾಯಿಯನ್ನು ಬೆನ್ನಿಗೆ ಕಟ್ಟಿಕೊಂಡು ಚರ್ಚಿನ ಆಸರೆಗೆ ಹೋಗಲೆಂದು ಚಾದರ ಅಣಿಮಾಡುತ್ತಿದ್ದಳು. ಎದುರು ಮನೆಯ ಗ್ರಿಯೆಟ್ ಕಿಟಕಿಯಿಂದ ಕಿರುಚಿದಳು:

"ಬೂದಿ ಹಾಕಿ ಕರೆಸ್ಕೊಂಡೆಯಲ್ಲೇ! ದಿನಾ ಆ ಮೀನಿನವನ ಜೊತೆ ಏನು ಗುಸುಗುಸು ಅಂತ ಈಗ ಗೊತ್ತಾಯ್ತು!"

ಅಷ್ಟರಲ್ಲಿ ಓಣಿಯಲ್ಲಿ ವಿಬ್ರಾಂಡ್ ಬಂದ. ಬಿಳಿ ಅಂಗಿ ತೊಟ್ಟಿದ್ದ, ಒಂದು ಕೈಯಲ್ಲಿ ಮುದ್ರೆ ಒತ್ತಿದ ಚೀಟಿ, ಇನ್ನೊಂದರಲ್ಲಿ ಸುತ್ತಿಗೆ.

"ಅಕ್ಕ, ದಳಪತಿಗೆ ಹೇಳಿ ಬರೆಸ್ಕೊಂಡು ಬಂದೆ. ಇದನ್ನ ಬಾಗಿಲಿಗೆ ಹೊಡೆದ್ರೆ ನಿನ್ನ ಮನೆಗೆ ಒಬ್ಬನೂ ಕಾಲಿಡಲ್ಲ. ಅಜ್ಜಿ ಹಾಸಿಗೇಲೇ ಇರ್ಲಿ."

"ಯಾವ ಉಪಕಾರಕ್ಕೆ ಇದು?"

"ನಿನಗೇ ಗೊತ್ತಲ್ಲ."

"ನನಗೆ ಗೊತ್ತಿಲ್ಲ ವಿಬ್ರಾಂಡ್. ಅದೇ ನನ್ನ ಹತ್ರ ಉಳಿದಿರೋದು."

ಮೂರು ಮನೆ ಆಚೆ ಮಡಕೆ ಒಡೆದವು, ಯಾರೋ ಹೆಂಗಸು ಅತ್ತಳು. ಅಲೈಟ್ ತಾಯಿಯ ಮುಖ ನೋಡಿದಳು. ಈ ಚಳಿಯಲ್ಲಿ ಹೊತ್ತೊಯ್ದರೆ ಮುದುಕಿಯ ಗತಿ ಏನೋ, ದಾರಿಯಲ್ಲಿ ಯಾರು ಅಡ್ಡ ಬರುತ್ತಾರೋ. ಒಂದೇ ಒಂದು ಮೊಳೆ ಸಾಕಿತ್ತು.

"ಏನೇ ನನ್ನ ಮುಖ ನೋಡ್ತೀಯ?" ಎಂದಳು ನೇಲ್. "ನನ್ನ ಸೊಂಟದ ನೆಪ ಹೇಳ್ಬೇಡ. ನಿನಗೆ ಬೇಕಾದ್ರೆ ತಗೋ, ಬೇಡ ಅಂದ್ರೆ ಎತ್ಕೋ ನನ್ನ."

ವಿಬ್ರಾಂಡ್ ಅವಸರಿಸಿದ. "ಅಕ್ಕ, ಚೀಟಿ ಇದ್ರೂ ಇಲ್ದಿದ್ರೂ ಜನ ಆಡ್ಕೊಳ್ಳೋರೇ. ಸುಮ್ನೆ ಯಾಕೆ ಸಾಯ್ತೀಯ?"

"ಆಡ್ಕೊಳ್ಳಲಿ. ಅದು ಸುಳ್ಳಾಗೇ ಇರ್ಲಿ. ನೀನು ಆ ಮೊಳೆ ಹೊಡೆದ್ರೆ ನಿಜ ಆಗತ್ತೆ."

ಅವಳು ಬಗ್ಗಿ ತಾಯಿಯನ್ನು ಬೆನ್ನಿಗೆ ಹಾಕಿಕೊಂಡು ಚಾದರದ ಗಂಟು ಬಿಗಿದಳು. ಗ್ರಿಯೆಟ್ ಇನ್ನೂ ಕಿಟಕಿಯಲ್ಲೇ ಇದ್ದಳು.

"ಚೀಟಿ ತಗೊಂಡು ಹೋಗು. ನನಗೆ ಬೇಡ," ಎಂದಳು ಅಲೈಟ್. "ದಾರಿ ಬಿಡು."